ಶಾಲೆಯ ಬೀರು ತೆಗೆಯಿರಿ, ಪುಸ್ತಕ ಮಕ್ಕಳ ಕೈಗೆ ಕೊಡಿ

ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಕಥೆ ಪುಸ್ತಕವೇ ಇಲ್ಲ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಬಹಳಷ್ಟು ಶಾಲೆಗಳಲ್ಲಿ ಇದೆ. ಮುಖ್ಯ ಶಿಕ್ಷಕರ ಕೊಠಡಿಯಲ್ಲಿ, ಕಬ್ಬಿಣದ ಬೀರುವಿನ ಒಳಗೆ, ಬಿಸಿಯೂಟದ ಲೆಕ್ಕದ ಫೈಲು ಮತ್ತು ಹಳೆಯ ಹಾಜರಾತಿ ಪುಸ್ತಕಗಳ ಕೆಳಗೆ ಇದೆ. ಬೀಗದ ಕೈ ಒಬ್ಬರ ಹತ್ತಿರ ಮಾತ್ರ. ಅಧಿಕಾರಿಗಳು ಭೇಟಿಗೆ ಬರುವ ದಿನ ಪುಸ್ತಕಗಳನ್ನು ತೆಗೆದು ಮೇಜಿನ ಮೇಲೆ ಜೋಡಿಸುತ್ತಾರೆ, ಸಂಜೆ ಮತ್ತೆ ಒಳಗೆ.

ಈ ಬರಹ ಆ ಬೀರು ತೆಗೆಯಬೇಕು ಅಂದುಕೊಂಡ ಶಿಕ್ಷಕರಿಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೆ, ಓದಿದ ಶಾಲೆಗೆ ಏನಾದರೂ ಮಾಡೋಣ ಅಂತ ಯೋಚಿಸುತ್ತಿರುವ ಹಳೆ ವಿದ್ಯಾರ್ಥಿಗಳಿಗೆ. ಪ್ರತ್ಯೇಕ ಕೊಠಡಿ ಇಲ್ಲದಿದ್ದರೂ ನಡೆಯುತ್ತದೆ. ಗ್ರಂಥಪಾಲಕರ ಹುದ್ದೆ ಇಲ್ಲದಿದ್ದರೂ ನಡೆಯುತ್ತದೆ. ಇಬ್ಬರೇ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆಯಲ್ಲೂ ನಡೆಯುತ್ತದೆ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಪಠ್ಯಪುಸ್ತಕ ಒಂದನ್ನೇ ಓದುವ ಮಗು ನಿಜಕ್ಕೂ ಓದುತ್ತಿದೆಯಾ ಅಂತ ಗೊತ್ತಾಗುವುದೇ ಇಲ್ಲ. ಮೂರನೇ ತರಗತಿಯ ಒಂದು ಮಗುವಿನ ಪಕ್ಕ ಕೂತು ನೋಡಿ. ಪಾಠದ ಪುಟ ತೆರೆದಿರುತ್ತದೆ, ಬೆರಳು ಎರಡನೇ ಸಾಲಿನಲ್ಲಿರುತ್ತದೆ, ಬಾಯಿ ಆಗಲೇ ನಾಲ್ಕನೇ ಸಾಲು ಹೇಳುತ್ತಿರುತ್ತದೆ. ಕೇಳಿ ಕೇಳಿ ಪಾಠ ಬಾಯಿಪಾಠ ಆಗಿಬಿಟ್ಟಿದೆ. ಅದೇ ಮಗುವಿಗೆ ಹಿಂದೆ ನೋಡಿರದ ಒಂದು ಪುಟ ಕೊಟ್ಟರೆ ಮೊದಲ ಸಾಲಿನಲ್ಲೇ ನಿಂತುಬಿಡುತ್ತದೆ. ಓದು ಬರಬೇಕಾದರೆ ಹೊಸ ಹೊಸ ಪುಟ ಕಣ್ಣಿಗೆ ಬೀಳುತ್ತಲೇ ಇರಬೇಕು. ಅಷ್ಟು ಹೊಸ ಪುಟಗಳು ಮಗುವಿಗೆ ಸಿಗುವ ಒಂದೇ ಜಾಗ, ಮನೆಯಲ್ಲಿ ಕ್ಯಾಲೆಂಡರ್ ಬಿಟ್ಟರೆ ಬೇರೆ ಅಕ್ಷರ ಇಲ್ಲದ ಮಗುವಿಗಂತೂ, ಶಾಲೆಯ ಗ್ರಂಥಾಲಯ.

ಕಾನೂನಿನಲ್ಲೂ ಇದು ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಕೊನೆಯಲ್ಲಿ ಪ್ರತಿ ಶಾಲೆಗೂ ಏನೇನು ಇರಬೇಕು ಅನ್ನುವ ಅನುಸೂಚಿ ಇದೆ. ಅದರ ಪ್ರಕಾರ ಎಲ್ಲ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅಲ್ಲಿ ದಿನಪತ್ರಿಕೆ, ಮ್ಯಾಗಜಿನ್ ಮತ್ತು ಎಲ್ಲ ವಿಷಯಗಳ ಪುಸ್ತಕ ಇರಬೇಕು. ಕಥೆ ಪುಸ್ತಕಗಳೂ ಇರಬೇಕು ಅಂತ ಹೆಸರಿಟ್ಟೇ ಹೇಳಿದ್ದಾರೆ. "ಕಥೆ ಪುಸ್ತಕ ಓದಿಸ್ತಾ ಕೂತರೆ ಸಿಲಬಸ್ ಮುಗಿಯುತ್ತಾ?" ಅಂತ ಯಾರಾದರೂ ಕೇಳಿದರೆ ಈ ಸಾಲು ತೋರಿಸಿ.

ಮೊದಲು ಕಳೆದುಹೋಗುವ ಭಯ

ಬೀಗ ಹಾಕುವುದು ಸೋಮಾರಿತನದಿಂದ ಅಂತ ನನಗೆ ಅನ್ನಿಸುವುದಿಲ್ಲ. ಭಯದಿಂದ. ದಾಸ್ತಾನು ವಹಿಯಲ್ಲಿ 312 ಪುಸ್ತಕ ಅಂತ ಬರೆದಿದ್ದರೆ, ವರ್ಗಾವಣೆ ಆದ ದಿನ ಚಾರ್ಜ್ ಕೊಡುವಾಗ 312 ತೋರಿಸಬೇಕು. ಹದಿನೈದು ಕಡಿಮೆ ಇದ್ದರೆ ಯಾರ ಜೇಬಿನಿಂದ ಕೊಡುವುದು? ಈ ಪ್ರಶ್ನೆಗೆ ಉತ್ತರ ಸಿಗದೆ ಬೀಗ ತೆರೆಯುವುದಿಲ್ಲ, ಹಾಗಾಗಿ ಇಲ್ಲಿಂದಲೇ ಶುರು ಮಾಡಿ.

ಎಸ್‌ಡಿಎಂಸಿ ಸಭೆಯಲ್ಲಿ ವಿಷಯ ಇಡಿ. ಪುಸ್ತಕ ಮಕ್ಕಳ ಕೈಗೆ ಹೋಗುತ್ತದೆ, ಕೆಲವು ಹರಿಯುತ್ತವೆ, ಕೆಲವು ಕಳೆಯುತ್ತವೆ, ಇದಕ್ಕೆ ಒಪ್ಪಿಗೆ ಇದೆಯಾ ಅಂತ ನೇರವಾಗಿ ಕೇಳಿ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೇ ನಿಯಮ ಗ್ರಂಥಾಲಯಗಳ ಬಗ್ಗೆಯೇ ಇದೆ. ವರ್ಷದಲ್ಲಿ ಓದಲು ಕೊಟ್ಟ ಪ್ರತಿ 1,000 ಪುಸ್ತಕಕ್ಕೆ 5 ಕಳೆದರೆ ಅದು ಸಹಜ, ಮೋಸ ಅಥವಾ ನಿರ್ಲಕ್ಷ್ಯ ಇರಬಾರದು ಅಷ್ಟೆ, ಅನ್ನುತ್ತದೆ ಅದು. ಇದು ಕೇಂದ್ರದ ಕಚೇರಿಗಳಿಗೆ ಮಾಡಿದ ನಿಯಮ, ನಿಮ್ಮ ಶಾಲೆಗೆ ನೇರವಾಗಿ ಅನ್ವಯ ಆಗುವುದಿಲ್ಲ. ಆದರೆ ಗ್ರಂಥಾಲಯ ಅಂದಮೇಲೆ ಪುಸ್ತಕ ಕಳೆಯುತ್ತದೆ ಅಂತ ಸರ್ಕಾರವೇ ಒಪ್ಪಿಕೊಂಡಿದೆ ಅಂತ ಸಭೆಯಲ್ಲಿ ಹೇಳಲು ಇದಕ್ಕಿಂತ ಒಳ್ಳೆ ಆಧಾರ ಬೇಕಾ? ಚರ್ಚೆ ಆದದ್ದನ್ನು ನಡಾವಳಿಯಲ್ಲಿ ಬರೆಸಿ, ಸಹಿ ಹಾಕಿಸಿ, ಪ್ರತಿ ವರ್ಷ ಹರಿದ, ಕಳೆದ ಪುಸ್ತಕಗಳ ಪಟ್ಟಿಯನ್ನು ಅದೇ ಸಭೆಗೆ ತನ್ನಿ. ಸಿಆರ್‌ಪಿಯವರಿಗೂ, ಅಂದರೆ ನಿಮ್ಮ ಕ್ಲಸ್ಟರಿನ ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿಗೂ, ಒಂದು ಮಾತು ತಿಳಿಸಿ. ಒಬ್ಬ ಶಿಕ್ಷಕರ ತಲೆ ಮೇಲಿದ್ದ ಭಾರ ಎಲ್ಲರ ಮೇಲೂ ಹಂಚಿಹೋಗುತ್ತದೆ.

ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳನ್ನು ಎಸ್. ಆರ್. ರಂಗನಾಥನ್ 1931ರಲ್ಲಿ ಬರೆದರು. ಬದುಕಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದವರು ಅವರು. ಆ ಐದರಲ್ಲಿ ಮೊದಲನೆಯದೇ, ಪುಸ್ತಕ ಇರುವುದು ಬಳಸುವುದಕ್ಕೆ ಅನ್ನುವುದು. ಕಾದಿಡುವುದಕ್ಕೆ ಅಂತ ಅವರು ಎಲ್ಲೂ ಹೇಳಲಿಲ್ಲ.

ಎಲ್ಲಿ ಇಡಬೇಕು

ಮಗುವಿನ ಕೈಗೆ ಎಟುಕುವ ಎತ್ತರದಲ್ಲಿ, ಮುಖಪುಟ ಕಾಣುವ ಹಾಗೆ. ಇಷ್ಟೇ ನಿಯಮ. ಒಂದನೇ ತರಗತಿ ಮಗುವಿಗೆ ಪುಸ್ತಕದ ಬೆನ್ನಿನ ಮೇಲಿನ ಸಣ್ಣ ಅಕ್ಷರ ಓದಲು ಬರುವುದಿಲ್ಲ, ಅದಕ್ಕೆ ಬೇಕಾದದ್ದು ಮುಖಪುಟದ ಆನೆ.

ಗೋಡೆಗೆ ಎರಡು ಮೊಳೆ, ನಡುವೆ ನೈಲಾನ್ ಹಗ್ಗ, ಬಟ್ಟೆ ಒಣಗಿಸುವ ಕ್ಲಿಪ್ಪು. ಮಕ್ಕಳ ಎದೆಯ ಮಟ್ಟಕ್ಕೆ ಕಟ್ಟಿ. ಸಣ್ಣ ತರಗತಿಯವರು ಚಟುವಟಿಕೆಗಳ ಮೂಲಕ ಕಲಿಯುವ ನಲಿಕಲಿ ಕೊಠಡಿಯಲ್ಲಿ ತಲೆ ಮೇಲೆ ಹಗ್ಗಗಳ ಚಪ್ಪರ ಇದ್ದೇ ಇರುತ್ತದೆ, ಆದರೆ ಅದು ಮಕ್ಕಳ ಚಿತ್ರ, ಕರಕುಶಲ ತೂಗುಹಾಕುವುದಕ್ಕೆ ಚೆನ್ನ. ಪುಸ್ತಕ ಅಲ್ಲಿ ಕಟ್ಟಿದರೆ ನೋಡಬಹುದು, ತೆಗೆಯಲು ಆಗುವುದಿಲ್ಲ. ದಪ್ಪ ಪುಸ್ತಕ ಹಗ್ಗದಲ್ಲಿ ನಿಲ್ಲುವುದಿಲ್ಲ, ಅವನ್ನು ಹಣ್ಣಿನ ಅಂಗಡಿಯ ಪ್ಲಾಸ್ಟಿಕ್ ಕ್ರೇಟಿನಲ್ಲಿ ನಿಲ್ಲಿಸಿ. ಒಂದು ಚಾಪೆ ಹಾಸಿ. ಕೊಠಡಿ ಇಲ್ಲದ ಶಾಲೆಯಲ್ಲಿ ಕ್ರೇಟನ್ನೇ ತರಗತಿಯಿಂದ ತರಗತಿಗೆ ಒಯ್ಯಬಹುದು.

ದಯವಿಟ್ಟು ಪುಸ್ತಕಕ್ಕೆಲ್ಲ ಕಂದು ಬಣ್ಣದ ಬೈಂಡ್ ಹಾಕಬೇಡಿ. ಎಲ್ಲವೂ ಒಂದೇ ಥರ ಕಾಣುತ್ತವೆ, ಯಾವ ಮಗುವೂ ಕೈ ಹಾಕುವುದಿಲ್ಲ. ಬೆನ್ನಿಗೆ ಅಗಲವಾದ ಪಾರದರ್ಶಕ ಟೇಪು ಅಂಟಿಸಿದರೆ ಸಾಕು.

ವಿಂಗಡಣೆ: ಕನ್ನಡಕ್ಕೆ ಕನ್ನಡದ್ದೇ ಅಳತೆ

ಪುಸ್ತಕ ಸುಲಭವೋ ಕಷ್ಟವೋ ಅಂತ ನಾವು ದಪ್ಪ ನೋಡಿ ಹೇಳುತ್ತೇವೆ, ಪುಟಕ್ಕೆ ಎಷ್ಟು ಸಾಲು ಅಂತ ನೋಡುತ್ತೇವೆ. ಕನ್ನಡದಲ್ಲಿ ಅದೊಂದೇ ಸಾಲದು. ನಮ್ಮ ಮಕ್ಕಳು ಎಡವುವುದು ಒತ್ತಕ್ಷರದಲ್ಲಿ. "ಮರದ ಮೇಲೆ ಗಿಳಿ ಕೂತಿದೆ" ಅಂತ ಸರಾಗವಾಗಿ ಓದಿದ ಮಗು "ಪುಸ್ತಕ" ಬಂದ ತಕ್ಷಣ ಪು, ಸ, ತ, ಕ ಅಂತ ಒಂದೊಂದೇ ಅಕ್ಷರ ಬಿಡಿಸಲು ಶುರು ಮಾಡುತ್ತದೆ.

ಹಾಗಾಗಿ ಪುಸ್ತಕಗಳನ್ನು ನೆಲದ ಮೇಲೆ ಹರಡಿ, ಇಬ್ಬರು ಶಿಕ್ಷಕರು ಒಂದು ಮಧ್ಯಾಹ್ನ ಕೂತು, ಬಣ್ಣದ ಸ್ಟಿಕ್ಕರ್ ಅಂಟಿಸಿ. ಚಿತ್ರವೇ ಜಾಸ್ತಿ ಇದ್ದು ಒಂದೆರಡು ಪದ ಇರುವುದಕ್ಕೆ ಒಂದು ಬಣ್ಣ. ಸಣ್ಣ ವಾಕ್ಯ, ಕಾಗುಣಿತ ಬಂದರೆ ಓದಬಹುದಾದದ್ದಕ್ಕೆ ಇನ್ನೊಂದು. ಅಮ್ಮ, ಅಕ್ಕ, ಬಿದ್ದ, ಕೊಟ್ಟ ಥರದ ಸಜಾತೀಯ ಒತ್ತು ಧಾರಾಳವಾಗಿ ಬರುವುದಕ್ಕೆ ಮೂರನೆಯದು. ಸೂರ್ಯ, ವಿಜ್ಞಾನ, ರಾಷ್ಟ್ರ ಥರದ ಪದಗಳು ತುಂಬಿದ, ಪುಟ ತುಂಬ ಅಕ್ಷರ ಇರುವ ಪುಸ್ತಕಕ್ಕೆ ನಾಲ್ಕನೆಯದು.

ಇಲ್ಲಿ ಒಂದು ವಿಷಯ ಗಮನಿಸಿ. ಒತ್ತಕ್ಷರ ಇಲ್ಲದ ಕಥೆ ಹುಡುಕಿದರೆ ಸಿಗುವುದೇ ಕಷ್ಟ, ಯಾಕೆಂದರೆ ಕಥೆಯಲ್ಲಿ ಯಾರಾದರೂ ಎದ್ದೇ ಏಳುತ್ತಾರೆ, ಬಿದ್ದೇ ಬೀಳುತ್ತಾರೆ, ಅಜ್ಜನೋ ಅಮ್ಮನೋ ಇದ್ದೇ ಇರುತ್ತಾರೆ. "ಒತ್ತಕ್ಷರ ಕಲಿಸಿ ಆಗಲಿ, ಆಮೇಲೆ ಕಥೆ ಪುಸ್ತಕ" ಅಂತ ಕಾಯುವುದು ಅದಕ್ಕೇ ಸರಿಯಲ್ಲ. "ಬಿದ್ದ" ಅನ್ನುವ ಮಾತು ಮಗುವಿನ ಕಿವಿಗೆ ಹುಟ್ಟಿದಾಗಿನಿಂದ ಗೊತ್ತು. ಚಿತ್ರದಲ್ಲಿ ಹುಡುಗ ಕೆಸರಿನಲ್ಲಿ ಬಿದ್ದಿದ್ದಾನೆ, ಕೆಳಗೆ "ಬಿ" ಅಕ್ಷರ ಕಾಣುತ್ತಿದೆ. ಮಗು ಊಹಿಸಿ "ಬಿದ್ದ" ಅನ್ನುತ್ತದೆ, ಆಮೇಲೆ ದ ಕೆಳಗಿನ ಆ ಗುರುತು ಏನು ಅಂತ ತಾನೇ ನೋಡಿಕೊಳ್ಳುತ್ತದೆ. ಹತ್ತು ಕಥೆಗಳಲ್ಲಿ ಹೀಗೆ ಆದರೆ ಕಪ್ಪುಹಲಗೆಯ ಮೇಲಿನ ಒತ್ತಕ್ಷರ ಪಾಠ ಅರ್ಧ ಮುಗಿದಂತೆ.

ಬಣ್ಣದ ಸ್ಟಿಕ್ಕರ್ ಇರುವುದು ಶಿಕ್ಷಕರಿಗೆ ದಾರಿ ತೋರಿಸಲು. "ನೀನು ಹಳದಿ ಪುಸ್ತಕವನ್ನೇ ತೆಗೆದುಕೋಬೇಕು" ಅಂತ ಯಾವ ಮಗುವನ್ನೂ ತಡೆಯಬೇಡಿ. ಐದನೇ ತರಗತಿ ಹುಡುಗ ಚಿತ್ರದ ಪುಸ್ತಕ ಹಿಡಿದರೆ ನಗಬೇಡಿ, ಬೇರೆಯವರು ನಗಲು ಬಿಡಬೇಡಿ. ಹಿಂದೆ ಬಿದ್ದಿರುವ ಮಗು ತಾನಾಗಿ ಓದಲು ಶುರು ಮಾಡುವುದು ಬಹುತೇಕ ಆ ಪುಸ್ತಕದಿಂದಲೇ.

ಗಟ್ಟಿಯಾಗಿ ಓದಿ ಹೇಳುವುದು

ಒಂದೇ ಒಂದು ಕೆಲಸಕ್ಕೆ ಸಮಯ ಇದೆ ಅಂದರೆ ಇದನ್ನು ಮಾಡಿ. ದಿನಾ ಹತ್ತು ನಿಮಿಷ, ಬಿಸಿಯೂಟ ಆದ ಮೇಲೆ, ಮಕ್ಕಳು ಹೇಗೂ ತೂಕಡಿಸುವ ಹೊತ್ತು. ವೇಳಾಪಟ್ಟಿಯಲ್ಲಿ ಬರೆಸಿಬಿಡಿ, ಇಲ್ಲದಿದ್ದರೆ ಎರಡು ವಾರಕ್ಕೆ ನಿಂತುಹೋಗುತ್ತದೆ.

ಹಿಂದಿನ ದಿನ ಪುಸ್ತಕವನ್ನು ನೀವೊಮ್ಮೆ ಓದಿಕೊಳ್ಳಿ. ಎಲ್ಲಿ ನಿಲ್ಲಿಸಬೇಕು ಅಂತ ಗುರುತು ಮಾಡಿಕೊಳ್ಳಿ. ಮಕ್ಕಳನ್ನು ಹತ್ತಿರ ಕೂರಿಸಿ, ಪುಸ್ತಕ ಅವರ ಕಡೆ ತಿರುಗಿಸಿ ಹಿಡಿಯಿರಿ. ನೀವು ಪಕ್ಕದಿಂದ ಓದಬೇಕು, ಮೊದಲು ಕತ್ತು ನೋಯುತ್ತದೆ, ರೂಢಿಯಾಗುತ್ತದೆ. ಮುಖಪುಟ ತೋರಿಸಿ ಇದು ಯಾರ ಕಥೆ ಇರಬಹುದು ಅಂತ ಕೇಳಿ. ಓದುವಾಗ ಬೆರಳು ಸಾಲಿನ ಕೆಳಗೆ ಹರಿಯಲಿ, ಅಕ್ಷರಕ್ಕೂ ಮಾತಿಗೂ ಇರುವ ನಂಟು ಸಣ್ಣ ಮಕ್ಕಳಿಗೆ ಕಣ್ಣಿಗೆ ಕಾಣುವುದು ಹಾಗೆಯೇ.

ಕಥೆಯಲ್ಲಿ ಮೇಕೆಮರಿ ಕಳೆದುಹೋಗಿದೆ ಅಂತಿಟ್ಟುಕೊಳ್ಳಿ. ಆ ಪುಟಕ್ಕೆ ನಿಲ್ಲಿಸಿ, "ಎಲ್ಲಿ ಹೋಗಿರಬಹುದು?" ಅಂತ ಕೇಳಿ, ಸುಮ್ನೆ ಕಾಯಿರಿ. ಮನೆಯಲ್ಲಿ ಮೇಕೆ ಸಾಕಿರುವ ಮಗು, ಬೇರೆ ಹೊತ್ತು ಬಾಯೇ ಬಿಡದ ಮಗು, ಅದು ತಾಯಿ ಹಿಂದೆಯೇ ಹೋಗಿರುತ್ತದೆ ಮಿಸ್, ಬಾವಿ ಹತ್ತಿರ ನೋಡಬೇಕು ಅನ್ನುತ್ತದೆ. ಇನ್ನೊಂದು ಮಗು ಇಲ್ಲ, ನಾಯಿ ಹಿಡಿದಿರುತ್ತದೆ ಅನ್ನುತ್ತದೆ. ವಾದ ಶುರುವಾಗುತ್ತದೆ. ಆ ವಾದದಲ್ಲಿ ಮಕ್ಕಳು ಕಾರಣ ಕೊಡುತ್ತಿದ್ದಾರೆ, ಮುಂದೇನು ಅಂತ ಊಹಿಸುತ್ತಿದ್ದಾರೆ, ಹಿಂದಿನ ಪುಟದಲ್ಲಿ ಏನಿತ್ತು ಅಂತ ನೆನಪಿಸಿಕೊಳ್ಳುತ್ತಿದ್ದಾರೆ. ಓದಿ ಅರ್ಥ ಮಾಡಿಕೊಳ್ಳುವುದು ಅಂದರೆ ಇದೇ ಅಲ್ವಾ? ಪ್ರಶ್ನೆಪತ್ರಿಕೆಯಲ್ಲಿ ನಾವು ಕೊಡುವ "ಈ ಗದ್ಯಭಾಗ ಓದಿ ಉತ್ತರಿಸಿ" ಅನ್ನುವುದಕ್ಕೆ ಬೇಕಾದ ಬುದ್ಧಿ ಬೆಳೆಯುವುದು ಇಲ್ಲೇ.

ಮನೆಯಲ್ಲಿ ಲಂಬಾಣಿ, ತುಳು, ಉರ್ದು, ತೆಲುಗು, ಮರಾಠಿ ಮಾತಾಡುವ ಮಕ್ಕಳು ಇದ್ದರೆ ಉತ್ತರ ಅವರ ಭಾಷೆಯಲ್ಲೇ ಬರಲಿ. ಪಕ್ಕದ ಮಗು ಕನ್ನಡದಲ್ಲಿ ಹೇಳುತ್ತದೆ, ಎಲ್ಲರಿಗೂ ಒಂದು ಪದ ಸಿಗುತ್ತದೆ.

ಕಥೆ ಮುಗಿದ ಮೇಲೆ "ಇದರ ನೀತಿ ಏನು?" ಅಂತ ಮಾತ್ರ ಕೇಳಬೇಡಿ. ನನ್ನ ಬಲವಾದ ಅಭಿಪ್ರಾಯ ಇದು. ಆ ಪ್ರಶ್ನೆ ಬಂದ ಕೂಡಲೇ ಮಕ್ಕಳು ಕಥೆ ಬಿಟ್ಟು, ಟೀಚರಿಗೆ ಯಾವ ಉತ್ತರ ಬೇಕೋ ಅದನ್ನು ಹುಡುಕಲು ಶುರು ಮಾಡುತ್ತಾರೆ. "ಸುಳ್ಳು ಹೇಳಬಾರದು", "ದೊಡ್ಡವರ ಮಾತು ಕೇಳಬೇಕು", ಎಲ್ಲ ಕಥೆಗೂ ಇದೇ ಎರಡು ಉತ್ತರ. ಬದಲಿಗೆ ನಿಮಗೆ ಯಾರು ಇಷ್ಟ ಆದರು, ಯಾರ ಮೇಲೆ ಸಿಟ್ಟು ಬಂತು ಅಂತ ಕೇಳಿ. ಏನೂ ಕೇಳದೆ ಪುಸ್ತಕ ಮುಚ್ಚಿದರೂ ಪರವಾಗಿಲ್ಲ. ಓದಿದ ಪುಸ್ತಕವನ್ನು ಹಗ್ಗದ ಮೇಲೆ ತೂಗುಹಾಕಿ, ಮರುದಿನ ಅದನ್ನೇ ತೆಗೆಯಲು ಮಕ್ಕಳು ಮುಗಿಬೀಳುತ್ತಾರೆ. ಕೇಳಿದ ಕಥೆಯನ್ನು ತಾವೇ ಓದುವುದು ಸುಲಭ, ಹೊಸ ಓದುಗರಿಗೆ ಅದೇ ಬೇಕು.

ಮನೆಗೆ ಕೊಡುವುದು

ಎರವಲು ವಹಿ ಸರಳವಾಗಿರಲಿ. ದಿನಾಂಕ, ಮಗುವಿನ ಹೆಸರು, ಪುಸ್ತಕದ ನಂಬರು, ವಾಪಸ್ ಬಂದ ದಿನ. ಇಷ್ಟರ ಮೇಲೆ ಒಂದು ಕಾಲಂ ಕೂಡ ಬೇಡ. ತರಗತಿಗೊಂದು ನೋಟ್‌ಬುಕ್ ಇದ್ದರೆ ಇನ್ನೂ ಒಳ್ಳೆಯದು.

ಇದನ್ನು ಮಕ್ಕಳ ಕೈಗೇ ಕೊಡಿ. ಶಾಲಾ ಸಂಸತ್ತಿನಲ್ಲಿ ಗ್ರಂಥಾಲಯ ಮಂತ್ರಿ ಅಂತ ಒಬ್ಬರನ್ನು ಆರಿಸುತ್ತೇವಲ್ಲ, ಪ್ರಮಾಣವಚನ ಆದ ಮೇಲೆ ಅವರಿಗೆ ಕೆಲಸವೇ ಇರುವುದಿಲ್ಲ. ಬೀಗದ ಕೈ ಅವರಿಗೆ ಕೊಡಿ. ಜೊತೆಗೆ ತರಗತಿಗೆ ಇಬ್ಬರು. ನಾಲ್ಕು, ಐದನೇ ತರಗತಿಯ ಮಕ್ಕಳು ಈ ಲೆಕ್ಕವನ್ನು ನಮಗಿಂತ ಕಟ್ಟುನಿಟ್ಟಾಗಿ ಇಡುತ್ತಾರೆ, ಯಾರ ಮನೆಯಲ್ಲಿ ಯಾವ ಪುಸ್ತಕ ಇದೆ ಅಂತ ವಹಿ ನೋಡದೆಯೇ ಹೇಳುತ್ತಾರೆ. ಶನಿವಾರ ಬೆಳಗಿನ ಶಾಲೆಯ ಕೊನೆಯ ಅವಧಿ ಇದಕ್ಕೆ ಚೆನ್ನಾಗಿ ಹೊಂದುತ್ತದೆ.

ದಂಡ ಹಾಕಬೇಡಿ. ಒಂದು ಸಲ ಹತ್ತು ರೂಪಾಯಿ ದಂಡ ಹಾಕಿದರೆ, ಆ ಮನೆಯವರು ಮತ್ತೆ ಪುಸ್ತಕ ತರಬೇಡ ಅನ್ನುತ್ತಾರೆ. ಪುಟ ಹರಿದರೆ ಮಗುವೇ ಅಂಟಿಸಲಿ, ಅದಕ್ಕಾಗಿ ಟೇಪು, ಕತ್ತರಿ, ಗೋಂದು ಇರುವ ಒಂದು ಡಬ್ಬಿಯನ್ನು ಪುಸ್ತಕಗಳ ಪಕ್ಕದಲ್ಲೇ ಇಡಿ, "ಪುಸ್ತಕದ ಆಸ್ಪತ್ರೆ" ಅಂತ ಚೀಟಿ ಹಚ್ಚಿ.

ಮನೆಗೆ ಹೋದ ಪುಸ್ತಕವನ್ನು ಓದುವುದು ಆ ಮಗು ಒಂದೇ ಅಲ್ಲ. ತಮ್ಮ ನೋಡುತ್ತಾನೆ, ಅಜ್ಜಿ ಚಿತ್ರ ನೋಡಿ ತನಗೆ ಗೊತ್ತಿರುವ ಇನ್ನೊಂದು ಕಥೆ ಹೇಳುತ್ತಾರೆ. ಪೋಷಕರ ಸಭೆಯಲ್ಲಿ ಒಂದು ಮಾತು ಹೇಳಿ: ನಿಮಗೆ ಓದಲು ಬರದಿದ್ದರೂ ಪರವಾಗಿಲ್ಲ, ಮಗು ಓದುವಾಗ ಪಕ್ಕ ಕೂತು ಕೇಳಿ, ಆಮೇಲೇನಾಯ್ತು ಅಂತ ಕೇಳಿ.

ಪಾಠದ ಜೊತೆ ಸೇರಿಸುವುದು

ಗ್ರಂಥಾಲಯ ಬೇರೆ, ಪಾಠ ಬೇರೆ ಅಂತ ಇದ್ದರೆ ಪರೀಕ್ಷೆ ಹತ್ತಿರ ಬಂದಾಗ ಮೊದಲು ಬಾಗಿಲು ಮುಚ್ಚುವುದು ಗ್ರಂಥಾಲಯವೇ. ಪರಿಸರ ಅಧ್ಯಯನದಲ್ಲಿ ನೀರಿನ ಪಾಠ ಶುರುವಾಗುವ ವಾರ ಕೆರೆ, ಮಳೆ, ಬಾವಿ, ಮೀನಿನ ಬಗ್ಗೆ ಇರುವ ಪುಸ್ತಕಗಳನ್ನೆಲ್ಲ ಆರಿಸಿ ಆ ತರಗತಿಯ ಕ್ರೇಟಿಗೆ ಹಾಕಿ. ಆಮೇಲೆ ಗೈಡಿನಲ್ಲಿ ಉತ್ತರ ಸಿಗದ ಪ್ರಶ್ನೆ ಕೊಡಿ. ನಮ್ಮೂರ ಕೆರೆಯಲ್ಲಿ ಕಾಣುವ ಯಾವ ಹಕ್ಕಿ ಈ ಪುಸ್ತಕದಲ್ಲಿದೆ? ಈ ಪುಸ್ತಕದಲ್ಲಿ ಇಲ್ಲದ ಯಾವುದು ನಮ್ಮೂರಲ್ಲಿದೆ? ಮಕ್ಕಳು ಪರಿವಿಡಿ ನೋಡುವುದು, ಚಿತ್ರದ ಕೆಳಗಿನ ಸಾಲು ಓದುವುದು, ಎರಡು ಪುಸ್ತಕ ಹೋಲಿಸುವುದು ಕಲಿಯುತ್ತಾರೆ. ವರ್ಷದ ನಡುವೆ ನಡೆಯುವ ಎಫ್‌ಎ ಮೌಲ್ಯಮಾಪನದ ಚಟುವಟಿಕೆಗೆ ಹೇಗೂ ಏನಾದರೂ ಮಾಡಿಸಲೇಬೇಕು. ಅಂಗಡಿಯಿಂದ ಚಾರ್ಟ್ ತಂದು ಅಂಟಿಸುವ ಪ್ರಾಜೆಕ್ಟಿಗಿಂತ ಇದು ಎಷ್ಟೋ ಮೇಲು, ಖರ್ಚೂ ಇಲ್ಲ.

ಗಣಿತಕ್ಕೂ ಎರವಲು ವಹಿ ಸಾಕು. ಈ ತಿಂಗಳು ಯಾವ ತರಗತಿ ಎಷ್ಟು ಪುಸ್ತಕ ಒಯ್ದಿತು ಅಂತ ಸ್ತಂಭಾಲೇಖ ಬರೆಸಿ.

ಪುಸ್ತಕ ಎಲ್ಲಿಂದ

ಸಮಗ್ರ ಶಿಕ್ಷಣ ಅನ್ನುವ ಸರ್ಕಾರಿ ಯೋಜನೆಯಲ್ಲಿ ಗ್ರಂಥಾಲಯ ಅನುದಾನ ಇದೆ. ಒಂದರಿಂದ ಐದರವರೆಗಿನ ಶಾಲೆಗೆ ವರ್ಷಕ್ಕೆ 5,000 ರೂಪಾಯಿವರೆಗೆ, ಒಂದರಿಂದ ಎಂಟರವರೆಗೆ ಇರುವ ಶಾಲೆಗೆ 13,000 ರೂಪಾಯಿವರೆಗೆ ಅಂತ ಯೋಜನೆಯ ಮಾರ್ಗಸೂಚಿಯಲ್ಲಿದೆ. ಆಯ್ಕೆ ನಿಮ್ಮ ಕೈಯಲ್ಲಿ ಇದ್ದರೆ ಒಂದೇ ದೊಡ್ಡ ವಿಶ್ವಕೋಶಕ್ಕೆ ಹಣ ಸುರಿಯಬೇಡಿ. ಪುಸ್ತಕಕ್ಕೆ 50 ರೂಪಾಯಿ ಅಂದುಕೊಂಡರೂ 5,000ಕ್ಕೆ ನೂರು ತೆಳು ಪುಸ್ತಕ ಬರುತ್ತವೆ. ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕ, ಪ್ರಥಮ್ ಬುಕ್ಸ್, ತೂಲಿಕಾ ಇವರೆಲ್ಲ ಕನ್ನಡದಲ್ಲಿ ಮಕ್ಕಳ ಪುಸ್ತಕ ತಂದಿದ್ದಾರೆ. ರಾಷ್ಟ್ರೋತ್ಥಾನದ ಭಾರತ ಭಾರತಿ ಕಿರುಪುಸ್ತಕಗಳು ಆರು, ಏಳನೇ ತರಗತಿಯವರಿಗೆ ಆಗುತ್ತವೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಬಾಲವಿಜ್ಞಾನ ಪತ್ರಿಕೆ ದೊಡ್ಡ ಮಕ್ಕಳಿಗೆ ತರಿಸಬಹುದು. ಖರೀದಿಗೆ ಹೋಗುವಾಗ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಹೋಗಿ.

ಹಣವೇ ಇಲ್ಲ ಅಂದರೆ ಸ್ಟೋರಿವೀವರ್ ಇದೆ. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಜಾಲತಾಣ. ಕನ್ನಡದ ಕಥೆಗಳು ಹಂತ ಹಂತವಾಗಿ ವಿಂಗಡಿಸಿ ಇವೆ, ಉಚಿತವಾಗಿ ಇಳಿಸಿಕೊಂಡು ಪ್ರಿಂಟ್ ಹಾಕಬಹುದು, ಮುಕ್ತ ಪರವಾನಗಿ ಇರುವುದರಿಂದ ಯಾರ ಅನುಮತಿಯೂ ಬೇಡ. ಕಪ್ಪು-ಬಿಳುಪು ಪ್ರಿಂಟ್ ಹಾಕಿಸಿ ಸ್ಟೇಪಲ್ ಮಾಡಿ, ಮಕ್ಕಳು ಬಣ್ಣ ತುಂಬಿಕೊಳ್ಳುತ್ತಾರೆ.

ಇನ್ನೊಂದು ದಾರಿಯನ್ನು ತುಂಬಾ ಶಾಲೆಗಳು ಬಳಸುತ್ತಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು, ಈಗ ಅರಿವು ಕೇಂದ್ರ ಅನ್ನುತ್ತಾರೆ, ರಾಜ್ಯದಲ್ಲಿ 5 ಸಾವಿರಕ್ಕೂ ಹೆಚ್ಚು ಇವೆ. 2020ರಲ್ಲಿ ಶುರುವಾದ ಓದುವ ಬೆಳಕು ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಒಂದು ದಿನ ಮಕ್ಕಳನ್ನೆಲ್ಲ ಸಾಲಾಗಿ ಕರೆದುಕೊಂಡು ಹೋಗಿ ಸದಸ್ಯರನ್ನಾಗಿ ಮಾಡಿಸಿ. ಅಲ್ಲಿನ ಮೇಲ್ವಿಚಾರಕರ ಜೊತೆ ಮಾತಾಡಿ, ಅವರು ಸಂಜೆ ಬಾಗಿಲು ತೆರೆದಿರುವ ಹೊತ್ತು ಮಕ್ಕಳಿಗೆ ತಿಳಿಸಿ.

ಹಳೆ ವಿದ್ಯಾರ್ಥಿಗಳಿಗೂ ಒಂದು ಮಾತು. ಮನೆಯಲ್ಲಿ ಬೇಡವಾದ ಪುಸ್ತಕಗಳನ್ನು ಮೂಟೆ ಕಟ್ಟಿ ಶಾಲೆಗೆ ಕಳಿಸಬೇಡಿ. ಹಳೆ ಸಿಇಟಿ ಗೈಡು, ದಪ್ಪ ಕಾದಂಬರಿ, ಇವೆಲ್ಲ ಎಂಟು ವರ್ಷದ ಮಗುವಿಗೆ ಏನಕ್ಕೂ ಬರುವುದಿಲ್ಲ. ಶಿಕ್ಷಕರನ್ನು ಕೇಳಿ, ಅವರು ಕೊಟ್ಟ ಪಟ್ಟಿಯಿಂದ ಇಪ್ಪತ್ತು ಹೊಸ ಪುಸ್ತಕ ಕೊಡಿಸಿ.

ಮಳೆ, ಗೆದ್ದಲು, ಬೇಸಿಗೆ ರಜೆ

ಬೀರುವನ್ನು ಗೋಡೆಗೆ ತಾಗಿಸಿ ಇಡಬೇಡಿ, ಕಾಲುಗಳ ಕೆಳಗೆ ಇಟ್ಟಿಗೆ ಕೊಡಿ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಒಣ ಬಟ್ಟೆಯಲ್ಲಿ ಒರೆಸಿ ನೆರಳಿನಲ್ಲಿ ಗಾಳಿಗೆ ಹರಡಿ. ನಿಜ ಹೇಳಬೇಕೆಂದರೆ ದಿನಾ ಕೈ ಬದಲಾಗುವ ಪುಸ್ತಕಕ್ಕೆ ಹುಳ ಹಿಡಿಯುವುದು ಕಡಿಮೆ. ನುಸಿ ಗುಳಿಗೆ ಮಾತ್ರ ಹಾಕಬೇಡಿ, ಸಣ್ಣ ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಾರೆ.

ಮಾರ್ಚ್ ಕೊನೆಯಲ್ಲಿ ಮಕ್ಕಳನ್ನೇ ಕೂರಿಸಿಕೊಂಡು ಎರವಲು ವಹಿ ನೋಡಿ. ವರ್ಷವಿಡೀ ಯಾರೂ ಮುಟ್ಟದ ಪುಸ್ತಕ ಯಾವುದು ಅಂತ ಗೊತ್ತಾಗುತ್ತದೆ. ಅದರಲ್ಲಿ ಕೆಲವನ್ನು ಮುಂದಿನ ವರ್ಷ ನೀವೇ ಗಟ್ಟಿಯಾಗಿ ಓದಿ ಹೇಳಿ, ಆಗಲೂ ಯಾರೂ ತೆಗೆಯದಿದ್ದರೆ ಹೈಸ್ಕೂಲಿಗೋ ಅರಿವು ಕೇಂದ್ರಕ್ಕೋ ಬರೆಸಿಕೊಟ್ಟುಬಿಡಿ. ಯಾವ ಮಗು ಒಂದೂ ಪುಸ್ತಕ ಒಯ್ದಿಲ್ಲ ಅನ್ನುವುದೂ ಅದೇ ವಹಿಯಲ್ಲಿ ಸಿಗುತ್ತದೆ. ಅದು ಪುಸ್ತಕಕ್ಕಿಂತ ಮುಖ್ಯ. ಆ ಮಗುವಿಗೆ ಏನು ಇಷ್ಟ, ಟ್ರ್ಯಾಕ್ಟರೋ ನಾಯಿಮರಿಯೋ ಕಬಡ್ಡಿಯೋ, ಕೇಳಿ ತಿಳಿದು ಅದರದ್ದೇ ಒಂದು ಪುಸ್ತಕ ಹುಡುಕಿ, ಅದರ ಹೆಸರಲ್ಲಿ ಎತ್ತಿಡಿ.

ಏಪ್ರಿಲ್ ಎರಡನೇ ವಾರದಲ್ಲಿ ರಜೆ ಶುರುವಾದರೆ ಮೇ ಕೊನೆವರೆಗೆ ಶಾಲೆ ಇಲ್ಲ. ಮೂರನೇ ತರಗತಿಯಲ್ಲಿ ಓದಲು ಕಲಿತ ಮಗು ಆ ಒಂದೂವರೆ ತಿಂಗಳು ಒಂದು ಅಕ್ಷರ ನೋಡದಿದ್ದರೆ ಜೂನ್‌ನಲ್ಲಿ ಮತ್ತೆ ಹಿಂದಿನಿಂದ ಹೇಳಿಕೊಡಬೇಕಾಗುತ್ತದೆ. ಕೊನೆಯ ದಿನ, ಫಲಿತಾಂಶದ ಕಾರ್ಡ್ ಕೊಡುವಾಗಲೇ, ಮಗುವಿಗೆ ಮೂರು ಪುಸ್ತಕ ಕೊಡಿ. ಒಂದೇ ಬೀದಿಯ ಮಕ್ಕಳಿಗೆ ಬೇರೆ ಬೇರೆ ಪುಸ್ತಕ ಕೊಟ್ಟರೆ ಅವರವರೇ ಬದಲಾಯಿಸಿಕೊಳ್ಳುತ್ತಾರೆ, ಬೀದಿಗೊಬ್ಬ ದೊಡ್ಡ ಮಗುವಿಗೆ ಪಟ್ಟಿ ಕೊಟ್ಟಿರಿ. ಶಾಲೆ ತೆರೆದ ವಾರ ದಾಖಲಾತಿಗೆ ಮನೆ ಮನೆಗೆ ಹೋಗುತ್ತೀರಲ್ಲ, ಆಗ ಒಂದು ಕೈಚೀಲ ಜೊತೆಗಿರಲಿ, ಉಳಿದ ಪುಸ್ತಕಗಳೂ ವಾಪಸ್ ಬರುತ್ತವೆ.